ಮಧ್ಯಾಹ್ನ ಮನೆಯಲ್ಲಿಲ್ಲದವರ ಪಿಂಚಣಿ

ಬಳ್ಳಾರಿಯಲ್ಲಿ ನಾನು ಪಾಠ ಮಾಡುತ್ತಿದ್ದ ಖಾಸಗಿ ಕಾಲೇಜಿನವರು ಕನ್ನಡ ವಿಭಾಗಕ್ಕೆ ಒಬ್ಬರೇ ಸಾಕು ಎಂದು ತೀರ್ಮಾನಿಸಿದ ವರ್ಷ, ಆ ಒಬ್ಬರು ನಾನಾಗಿರಲಿಲ್ಲ. ಮನೆಯಲ್ಲಿ ಕೂತು ಬೇಸರವಾಗಿದ್ದಾಗ ಪರಿಚಯದವರೊಬ್ಬರು ವಿಧಾನ ಪರಿಷತ್ತಿನ ಸದಸ್ಯರ ಕಚೇರಿಗೆ ಕರೆದೊಯ್ದರು. ಬಸ್ ನಿಲ್ದಾಣದಿಂದ ಸ್ವಲ್ಪ ದೂರ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಆ ಕಚೇರಿ. ಸದಸ್ಯರು ವಿರೋಧ ಪಕ್ಷದವರು. ಸದನದಲ್ಲಿ ಸರ್ಕಾರಕ್ಕೆ ಕೇಳುವ ಪ್ರಶ್ನೆಗಳನ್ನು ಬರೆದುಕೊಡುವವರು ಅವರಿಗೆ ಬೇಕಾಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕನ್ನಡ ಮೇಡಮ್ಮರು ಅಂದ್ರ ಬೈಗುಳನ ಮರ್ಯಾದಿಲೆ ಬರೆಯಾಕ ಬರ್ತದಲ್ಲ ನಿಮಗ?" ಎಂದರು. ಬರುತ್ತದೆ ಎಂದೆ. ಅಲ್ಲಿಗೆ ಸಂದರ್ಶನ ಮುಗಿಯಿತು.

ಆ ಕೆಲಸದ ಪಟ್ಟು ತಿಳಿಯಲು ನನಗೆ ಒಂದು ಅಧಿವೇಶನವೇ ಹಿಡಿಯಿತು. ಪ್ರಶ್ನೆಯಲ್ಲಿ ಅಭಿಪ್ರಾಯ ಇರಕೂಡದು, ಕುಹಕ ಇರಕೂಡದು, ಆರೋಪ ಇರಕೂಡದು. 'ಅನ್ಯಾಯವಾಗಿ' ಎಂದು ಬರೆದರೆ ಪರಿಷತ್ತಿನ ಸಚಿವಾಲಯದವರು ಆ ಪದವನ್ನು ಹೊಡೆದು ವಾಪಸ್ ಕಳಿಸುತ್ತಿದ್ದರು. ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ ಯಾವ ಕ್ರಮ ಕೈಗೊಳ್ಳಲಾಗಿದೆ, ಯಾವಾಗ, ಯಾರಿಂದ. ಅಷ್ಟೇ. ಸಿಟ್ಟನ್ನೆಲ್ಲ ಅ, ಆ, ಇ ಎಂದು ಸೀಳಿ, ಮಡಿ ಉಡಿಸಿ ಕೂರಿಸಬೇಕು. ಉತ್ತರವೂ ಅಷ್ಟೇ ಮಡಿಯಾಗಿ ಬರುತ್ತಿತ್ತು. ಎಡಗಡೆ ನಾನು ಬರೆದ ಪ್ರಶ್ನೆ, ಬಲಗಡೆ ಸರ್ಕಾರದ ಉತ್ತರ. ಗಮನಕ್ಕೆ ಬಂದಿದೆಯೇ ಎಂಬುದರ ಎದುರು 'ಬಂದಿರುವುದಿಲ್ಲ'. ಅದರ ಕೆಳಗಿನ ಎಲ್ಲ ಪ್ರಶ್ನೆಗಳ ಎದುರು 'ಉದ್ಭವಿಸುವುದಿಲ್ಲ'. ಈ ಪದವನ್ನು ಓದಿದಾಗಲೆಲ್ಲ ಯಾರೋ ಮುಖದ ಮೇಲೆ ಬಾಗಿಲು ಹಾಕಿಕೊಂಡಂತೆ ಆಗುತ್ತಿತ್ತು.

ಒಂದು ದಿನ ಸಿರುಗುಪ್ಪದ ಬಸ್ಸಿಳಿದು ಹೆಂಗಸರ ಗುಂಪೊಂದು ಕಚೇರಿಗೆ ಬಂತು. ಸದಸ್ಯರು ಊರಲ್ಲಿರಲಿಲ್ಲ. ಗುಂಪಿನ ಮುಂದೆ ನಿಂತ ಮುದುಕಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಗಿಡ್ಡ ಆಳು, ಕಪ್ಪು ಮುಖ, ನೆಲ್ಲು ನಾಟಿ ಮಾಡಿ ಮಾಡಿ ಬಾಗಿ ಉಳಿದ ಬೆನ್ನು. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿಯಾಗಿದ್ದವನು, ಸತ್ತು ಬಹಳ ಕಾಲವಾಗಿತ್ತು. ಅವಳಿಗೆ ಬರುತ್ತಿದ್ದ ವಿಧವಾ ವೇತನ ನಿಂತುಹೋಗಿತ್ತು. ಜೊತೆಯಲ್ಲಿ ಬಂದವರದ್ದೂ ಅಷ್ಟೇ, ಕೆಲವರದ್ದು ವಿಧವಾ ವೇತನ, ಕೆಲವರದ್ದು ವೃದ್ಧಾಪ್ಯದ್ದು. ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ, ನೀವು ವಿಳಾಸದಲ್ಲಿ ಇಲ್ಲ ಎಂದು ಬಂದಿದೆ ಎಂದರಂತೆ.

ಯಾರು ಬಂದು ನೋಡಿದ್ದರು ಎಂದು ಕೇಳಿದೆ. ಕೊರಳಿಗೆ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡ ಹುಡುಗರು ಮೊಬೈಲ್ ಹಿಡಿದು ಓಣಿಯಲ್ಲಿ ತಿರುಗಿದ್ದರಂತೆ, ಸರ್ಕಾರಿ ನೌಕರರಲ್ಲ, ಯಾವುದೋ ಕಂಪನಿಯವರು. ಅವರು ಬಂದದ್ದು ಮಧ್ಯಾಹ್ನ. ಬಾಗಿಲಿಗೆ ಬೀಗ ಇತ್ತು. ಬೀಗದ ಫೋಟೊ ತೆಗೆದುಕೊಂಡು ಹೋದರು.

"ಆ ಹೊತ್ನ್ಯಾಗ ನೀವು ಎಲ್ಲಿದ್ರಿ?" ಎಂದೆ.

ಮುದುಕಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ಗದ್ದ್ಯಾಗ. ಮಧ್ಯಾಹ್ನ ಮನ್ಯಾಗ ಕುಂದ್ರಂಗಿದ್ರ ಪಿಂಚಣಿ ಯಾತಕ್ಕ ಬೇಕಿತ್ತು ನಮಗ? ನಿನಗ ಸಾಲಿ ಕಲಿಸ್ದೋರು ಇದನ್ನ ಹೇಳ್ಲಿಲ್ಲೇನು?"

ಜೊತೆಯ ಹೆಂಗಸರು ಅವಳ ಸೆರಗು ಜಗ್ಗಿ ಸುಮ್ಮನಾಗಿಸಲು ನೋಡಿದರು. ಅವಳು ಅವರನ್ನೂ ತೆಲುಗಿನಲ್ಲಿ ಬೈದಳು. ಅವಳ ಮೇಲೆ ನನಗೆ ಸಿಟ್ಟು ಬಂತು. ಸಹಾಯ ಕೇಳಲು ಬಂದವರು ಹೀಗೆ ಮಾತಾಡುತ್ತಾರೆಯೇ ಎನ್ನಿಸಿತು. ಆದರೂ ಮರುದಿನವೇ ಸಿರುಗುಪ್ಪಕ್ಕೆ ಹೋದೆ. ಅವಳು ಹೇಳಿದ್ದು ನಿಜವಾಗಿತ್ತು. ಕಾಲುವೆ ನೀರು ಬಿಟ್ಟ ಹೊತ್ತು, ನಾಟಿಯ ಕಾಲ. ಓಣಿಗೆ ಓಣಿಯೇ ಖಾಲಿ, ಬಾಗಿಲುಗಳಿಗೆಲ್ಲ ಬೀಗ, ನಾಯಿಗಳು ಮಾತ್ರ ನೆರಳಿಗೆ ಮಲಗಿದ್ದವು.

ಅಲ್ಲಿಂದ ಕುರುಗೋಡಿಗೆ ಹೋದೆ. ಅಲ್ಲೂ ಅದೇ ಕಥೆ, ಗದ್ದೆಯ ಬದಲು ಮೆಣಸಿನಕಾಯಿ ಹೊಲ ಅಷ್ಟೇ. ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನೊಬ್ಬನನ್ನು ಮಾತಾಡಿಸಿದೆ. ಸದಸ್ಯರ ಕಡೆಯವಳು ಎಂದು ಗೊತ್ತಾದದ್ದೇ ಅವನ ಮುಖ ಗಂಟಾಯಿತು. ಮನೆಯಲ್ಲಿ ಇಲ್ಲದವರನ್ನು ಇಲ್ಲ ಎಂದು ಬರೆದರೆ ತಪ್ಪೇನು ಎಂದು ಕೇಳಿದ. ಕೆಲಸಕ್ಕೆ ಹೋಗುವಷ್ಟು ಗಟ್ಟಿ ಇದ್ದವರಿಗೆ ಪಿಂಚಣಿ ಯಾಕೆ ಎಂದೂ ಕೇಳಿದ. ಈ ಪರಿಶೀಲನೆಯ ಗುತ್ತಿಗೆ ಯಾರಿಗೆ ಕೊಟ್ಟಿದ್ದಾರೆ ಎಂದರೆ, ಅದು ಬೆಂಗಳೂರಿನ ವ್ಯವಹಾರ, ನನಗೇನು ಗೊತ್ತು ಎಂದು ಎದ್ದು ಹೋದ. ಅವನು ಚಹಾ ಕುಡಿದು ಬರುವವರೆಗೂ ಕಾದೆ. ನಾನಿನ್ನೂ ಕೂತಿರುವುದನ್ನು ನೋಡಿ ಬೇಜಾರಿಗೋ ಏನೋ ಒಂದು ಮಾತು ಉದುರಿಸಿದ: ಟೆಂಡರ್ ಕರೆದಿರಲಿಲ್ಲ, ವಿನಾಯಿತಿ ತಗೊಂಡು ನೇರವಾಗಿ ಕೊಟ್ಟಿದ್ದರು.

ಬಳ್ಳಾರಿಗೆ ಬಂದು ಪ್ರಶ್ನೆ ಬರೆದೆ. ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ವಿಳಾಸದಲ್ಲಿ ಲಭ್ಯವಿಲ್ಲವೆಂಬ ಕಾರಣಕ್ಕೆ ಪಿಂಚಣಿ ಸ್ಥಗಿತಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. ಪರಿಶೀಲನೆ ನಡೆಸಿದ ಸಂಸ್ಥೆ ಯಾವುದು. ಟೆಂಡರ್ ಕರೆಯಲಾಗಿತ್ತೇ. ಇಲ್ಲದಿದ್ದಲ್ಲಿ ಕಾರಣವೇನು. ಭೇಟಿಯ ಸಮಯವನ್ನು ನಿಗದಿಪಡಿಸಿದವರು ಯಾರು. ಸದಸ್ಯರು ಓದಿ ತೊಡೆ ತಟ್ಟಿಕೊಂಡರು. ಮಂತ್ರಿಗಳನ್ನು ಹಿಡಿದು ಅಲ್ಲಾಡಿಸುತ್ತೇನೆ, ನೋಡ್ರಿ ಎಂದರು. ಅವರ ಕಣ್ಣಲ್ಲಿ ಆ ಹೆಂಗಸರು ಇರಲಿಲ್ಲ, ಮಂತ್ರಿ ಇದ್ದರು. ನನಗೆ ಅದು ಗೊತ್ತಿತ್ತು. ಯಾರ ಮೇಲಿನ ಸಿಟ್ಟಿನಿಂದಾದರೂ ಸರಿ, ಕೇಳಲಿ ಎಂದುಕೊಂಡೆ.

ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ. ಚೀಟಿ ಎತ್ತಿದಾಗ ನಮ್ಮ ಪ್ರಶ್ನೆ ಸದನದಲ್ಲೇ ಉತ್ತರಿಸಬೇಕಾದ ಪಟ್ಟಿಗೆ ಬಿತ್ತು. ವಿಷಯ ಸಿರುಗುಪ್ಪಕ್ಕೆ ಮುಟ್ಟಿತು. ಮುದುಕಿ ಫೋನ್ ಮಾಡಿಸಿ, ತಾನೂ ಬಂದು ನೋಡಬೇಕು ಎಂದಳು. ಯಾಕೆ ಎಂದರೆ, ನೀವು ಕೇಳ್ತೀರೋ ಇಲ್ಲೋ ನನಗ ಹೆಂಗ ಗೊತ್ತಾಗಬೇಕು ಎಂದಳು. ಸದಸ್ಯರು ಪಾಸು ಕೊಡಿಸಿದರು, ಪತ್ರಿಕೆಯವರ ಮುಂದೆ ಅವಳನ್ನು ನಿಲ್ಲಿಸಬಹುದು ಎಂಬ ಲೆಕ್ಕದಿಂದ. ಹೀಗೆ ನಾನೂ ಅವಳೂ ಬಸ್ಸಿನಲ್ಲಿ ಬೆಳಗಾವಿಗೆ ಹೋದೆವು. ದಾರಿಯುದ್ದಕ್ಕೂ ಅವಳು ನನ್ನೊಡನೆ ಮಾತಾಡಲಿಲ್ಲ. ಕಿಟಕಿ ಮುಚ್ಚು ಎಂದದ್ದು ಬಿಟ್ಟರೆ.

ಸಾರ್ವಜನಿಕರ ಗ್ಯಾಲರಿಯಲ್ಲಿ ಮಾತಾಡುವಂತಿಲ್ಲ, ಕೈ ಎತ್ತುವಂತಿಲ್ಲ, ಕಾಲ ಮೇಲೆ ಕಾಲು ಹಾಕಿ ಕೂರುವಂತಿಲ್ಲ. ಕಾವಲಿನವನು ಮುದುಕಿಯ ಎಲೆಅಡಿಕೆ ಚೀಲವನ್ನೂ ಹೊರಗೆ ಇಡಿಸಿದ. ಅವಳು ಮುಖ ಸಿಂಡರಿಸಿಕೊಂಡು ಕೂತಳು. ಕೆಳಗೆ ಪ್ರಶ್ನೋತ್ತರ ಆರಂಭವಾಯಿತು. ನಮ್ಮ ಸದಸ್ಯರ ಹೆಸರು ಕರೆದರು. ಅವರು ಎದ್ದು ಪ್ರಶ್ನೆಯ ಸಂಖ್ಯೆ ಹೇಳಿದರು. ಮಂತ್ರಿಗಳು ಎದ್ದು, ಉತ್ತರವನ್ನು ಒದಗಿಸಿದೆ ಎಂದರು.

ಉತ್ತರ ನಾನು ಬೆಳಿಗ್ಗೆಯೇ ನೋಡಿದ್ದೆ. ಗಮನಕ್ಕೆ ಬಂದಿರುವುದಿಲ್ಲ. ಉದ್ಭವಿಸುವುದಿಲ್ಲ. ಸಂಸ್ಥೆಯ ಆಯ್ಕೆ ನಿಯಮಾನುಸಾರ ಆಗಿದೆ. ಆದರೆ ಉಪಪ್ರಶ್ನೆ ಕೇಳುವ ಹಕ್ಕು ಸದಸ್ಯರಿಗಿತ್ತು, ಅದಕ್ಕೆಂದೇ ನಾನು ಬರೆದುಕೊಟ್ಟಿದ್ದೆ. ಅವರು ಚೆನ್ನಾಗಿಯೇ ಕೇಳಿದರು. ನಾಟಿಗೆ ಹೋದ ವಿಧವೆಯರ ಮನೆಯ ಬೀಗದ ಫೋಟೊ ತೆಗೆದು ಪಿಂಚಣಿ ನಿಲ್ಲಿಸುವುದು ಯಾವ ನಿಯಮ ಎಂದರು. ಟೆಂಡರ್ ಇಲ್ಲದೆ ಕೊಡುವ ಅವಸರ ಏನಿತ್ತು ಎಂದರು. ವಿರೋಧ ಪಕ್ಷದವರು ಮೇಜು ಕುಟ್ಟಿದರು.

ಮಂತ್ರಿಗಳು ಅವಸರ ಮಾಡಲಿಲ್ಲ. ಕನ್ನಡಕ ಒರೆಸಿಕೊಂಡರು. "ಮಾನ್ಯ ಸಭಾಪತಿಗಳೇ, ಈ ಸಂಸ್ಥೆಗೆ ವಿನಾಯಿತಿ ಕೊಟ್ಟು ಮೊದಲ ಬಾರಿ ಕೆಲಸ ವಹಿಸಿದ್ದು ನಾವಲ್ಲ. ಸನ್ಮಾನ್ಯ ಸದಸ್ಯರ ಪಕ್ಷ ಅಧಿಕಾರದಲ್ಲಿದ್ದಾಗ. ನಾವು ಮುಂದುವರಿಸಿದ್ದೇವೆ ಅಷ್ಟೇ. ಅವರು ತಮ್ಮ ನಾಯಕರನ್ನೇ ಕೇಳಲಿ."

ನಮ್ಮ ಸದಸ್ಯರು ತಮ್ಮ ನಾಯಕರ ಕಡೆ ನೋಡಿದರು, ನಾಯಕರು ಬೇರೆಲ್ಲೋ ನೋಡುತ್ತಿದ್ದರು. ಆಡಳಿತ ಪಕ್ಷದವರು ನಕ್ಕರು. ಯಾರೋ ಏನೋ ಅಂದರು, ಇನ್ಯಾರೋ ಅದಕ್ಕೆ ಅವರಪ್ಪನ ಮಾತೆತ್ತಿದರು, ಎರಡೂ ಕಡೆಯವರು ಎದ್ದು ನಿಂತರು. ಆ ಗದ್ದಲದಲ್ಲಿ ಮಂತ್ರಿಗಳು ಹಂಗಿಸುವ ದನಿಯಲ್ಲಿ, ಬೇಕಾದರೆ ಮತ್ತೊಮ್ಮೆ ನಮ್ಮ ಅಧಿಕಾರಿಗಳಿಂದಲೇ ಮನೆಮನೆ ಪರಿಶೀಲನೆ ಮಾಡಿಸುತ್ತೇವೆ, ನಮಗೇನೂ ಭಯವಿಲ್ಲ ಎಂದರು. ಸಭಾಪತಿಗಳು ಮುಂದಿನ ಪ್ರಶ್ನೆ ಕರೆದರು. ನಮ್ಮ ಸದಸ್ಯರು ಕೂತುಬಿಟ್ಟರು.

ಮುಂದಿನ ಪ್ರಶ್ನೆ ಯಾವುದೋ ಸೇತುವೆಯ ಬಗ್ಗೆ ನಡೆಯುತ್ತಿದ್ದಾಗ ಮುದುಕಿ ನನ್ನ ಕಿವಿಯ ಹತ್ತಿರ ಬಂದು, "ನಮ್ಮದು ಯಾವಾಗ ಬರ್ತೈತಿ?" ಎಂದಳು.

"ಬಂದು ಹೋತು" ಎಂದೆ.

"ಅದಾ?" ಎಂದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೊರಗೆ ಪಡಸಾಲೆಯಲ್ಲಿ ಸದಸ್ಯರು ನನ್ನನ್ನು ಎಲ್ಲರೆದುರಿಗೆ ತರಾಟೆಗೆ ತೆಗೆದುಕೊಂಡರು. ಸಂಸ್ಥೆಯ ಹಿಂದುಮುಂದು ನೋಡದೆ ನನ್ನನ್ನು ಬಾವಿಗೆ ತಳ್ಳಿದಿರಿ, ನಾಯಕರು ಮುಖ ಕೊಡುತ್ತಿಲ್ಲ ಎಂದರು. ನಿಮ್ಮ ಪಕ್ಷದ ಕಾಲದ ಆದೇಶ ನಿಮಗೆ ಗೊತ್ತಿರಬೇಕಿತ್ತಲ್ಲವೇ ಎಂದೆ. ಯಾರು ಕೊಟ್ಟರೇನು, ತಪ್ಪು ತಪ್ಪೇ, ನಾಳೆ ಮತ್ತೆ ಎತ್ತಿರಿ ಎಂದೂ ಹೇಳಿದೆ. ಅವರು ನಕ್ಕರು. ಆ ನಗುವಿಗಿಂತ ಬೈಗುಳವೇ ವಾಸಿಯಿತ್ತು. ಈ ವಿಷಯ ಇಲ್ಲಿಗೆ ಮುಗೀತು, ಇನ್ನೊಮ್ಮೆ ಇದರ ಸುದ್ದಿ ಎತ್ತಬೇಡಿ ಎಂದರು. ಮುದುಕಿಯನ್ನು ಪತ್ರಿಕೆಯವರ ಮುಂದೆ ನಿಲ್ಲಿಸುವ ಯೋಚನೆಯೂ ಅಲ್ಲಿಗೇ ಬಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಇದನ್ನೆಲ್ಲ ನೋಡುತ್ತಿದ್ದಳು.

ಬಳ್ಳಾರಿಗೆ ಬಂದ ಮೇಲೂ ಮಂತ್ರಿಗಳು ಹಂಗಿಸಿದ ಆ ಮಾತು ನನ್ನ ತಲೆಯಲ್ಲಿ ಉಳಿದಿತ್ತು. ಸದನದಲ್ಲಿ ಮಂತ್ರಿ 'ಮಾಡಿಸುತ್ತೇವೆ' ಎಂದರೆ, ಅದು ಹಂಗಿಸಿ ಹೇಳಿದ್ದೋ ಮನಸಾರೆ ಹೇಳಿದ್ದೋ ಎಂದು ಯಾರೂ ಕೇಳುವುದಿಲ್ಲ, ಅದು ಭರವಸೆ. ಸರ್ಕಾರ ಕೊಟ್ಟ ಭರವಸೆಗಳು ಈಡೇರಿದವೋ ಇಲ್ಲವೋ ನೋಡಲು ಸದಸ್ಯರದ್ದೇ ಒಂದು ಸಮಿತಿ ಇದೆ. ಅದರಲ್ಲಿ ಆಡಳಿತ ಪಕ್ಷದ ಹಿರಿಯ ಸದಸ್ಯೆಯೊಬ್ಬರಿದ್ದರು. ತಮಗೆ ಸಿಗಬೇಕಿದ್ದ ಮಂತ್ರಿಗಿರಿ ಕೈತಪ್ಪಿಸಿದವರು ಇದೇ ಮಂತ್ರಿ ಎಂದು ಅವರಿಗೆ ಒಳಗೇ ಕುದಿ ಎಂಬುದು ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಕಲಾಪದ ವರದಿಯಲ್ಲಿ ಆ ಸಾಲಿಗೆ ಗೆರೆ ಎಳೆದು, ಸಿರುಗುಪ್ಪದ ಸಂಗತಿಯನ್ನೆಲ್ಲ ಬರೆದು, ಬೆಂಗಳೂರಿಗೆ ಹೋಗಿ ಅವರ ಕೈಗೇ ಕೊಟ್ಟೆ.

ಅವರು ಓದಿ, ಯಾವ ಸದಸ್ಯರ ಕಡೆಯವರು ನೀವು ಎಂದು ಕೇಳಿದರು. ಹೇಳಿದೆ. ಅವರಿಗೆ ಗೊತ್ತಾ ಎಂದರು. ಇಲ್ಲ ಎಂದೆ. "ಗೊತ್ತಾಗತ್ತೆ" ಎಂದು ಆ ಹಾಳೆಗಳನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ವಿಧವೆಯರ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಗೊತ್ತಾಯಿತು. ಸದಸ್ಯರು ನನ್ನನ್ನು ಕರೆಸಿ, ಉಂಡ ಮನೆಗೆ ಎರಡು ಬಗೆದಿರಿ ಎಂದರು. ಮರುದಿನದಿಂದ ಬರಬೇಡಿ ಎಂದರು. ನಾನೂ ಆ ದಿನ ಬಾಯಿ ಕಟ್ಟಿಕೊಳ್ಳಲಿಲ್ಲ. ನಿಮಗೆ ಪ್ರಶ್ನೆ ಬೇಕು, ಉತ್ತರ ಬೇಡ ಎಂದೆ. ಔಷಧಿ ಅಂಗಡಿಯವನು ಮೆಟ್ಟಿಲ ಬುಡದಲ್ಲಿ ನಿಂತು ಎಲ್ಲ ಕೇಳಿಸಿಕೊಂಡ.

ಆದರೆ ಹಗೆ ತನ್ನ ಕೆಲಸ ಮಾಡಿತು. ಸಮಿತಿಯಲ್ಲಿ ಹಿರಿಯ ಸದಸ್ಯೆ ಇಲಾಖೆಯ ಅಧಿಕಾರಿಗಳನ್ನು ಕೂರಿಸಿಕೊಂಡು ಬೆವರಿಳಿಸಿದರಂತೆ. ಕೆಲ ತಿಂಗಳಲ್ಲಿ ಎರಡೂ ತಾಲ್ಲೂಕುಗಳಲ್ಲಿ ಮರುಪರಿಶೀಲನೆಗೆ ಆದೇಶ ಬಂತು. ಈ ಸಲ ಕಂಪನಿಯ ಹುಡುಗರಲ್ಲ, ಗ್ರಾಮದ ಆಡಳಿತಾಧಿಕಾರಿಗಳೇ ಬೆಳಗಿನ ಹೊತ್ತು ಮನೆಗೆ ಹೋದರು. ಸಿರುಗುಪ್ಪದಲ್ಲಿ ಬಹಳ ಜನರಿಗೆ ಪಿಂಚಣಿ ಮರಳಿ ಶುರುವಾಯಿತು, ಕುರುಗೋಡಿನಲ್ಲಿ ಕೆಲವರಿಗೆ ಮಾತ್ರ. ಗುತ್ತಿಗೆಯ ವಿಷಯಕ್ಕೆ ಯಾರೂ ಕೈ ಹಚ್ಚಲಿಲ್ಲ. ಎರಡೂ ಪಕ್ಷಗಳ ಸಹಿ ಇದ್ದ ಕಡತ ಅದು. ಅದರ ಬಗ್ಗೆ ಮಾತ್ರ ಅವರಲ್ಲಿ ಜಗಳವಿರಲಿಲ್ಲ. ಅದೇ ಸಂಸ್ಥೆಗೆ ಈಗ ಇನ್ನಾವುದೋ ಇಲಾಖೆಯ ಸಮೀಕ್ಷೆ ಸಿಕ್ಕಿದೆ ಎಂದು ಕೇಳಿದ್ದೇನೆ.

ಸ್ವಲ್ಪ ದಿನಕ್ಕೆ ಸಿರುಗುಪ್ಪದ ಬಸ್ ನಿಲ್ದಾಣದ ಎದುರು ದೊಡ್ಡ ಫ್ಲೆಕ್ಸ್ ಎದ್ದಿತು. ವಿಧವೆಯರ ಕಣ್ಣೀರು ಒರೆಸಿದ ಧೀಮಂತ ನಾಯಕರಿಗೆ ಅಭಿನಂದನೆ. ಕೈಮುಗಿದು ನಿಂತಿದ್ದವರು ನಮ್ಮ ಸದಸ್ಯರೇ. ಕಲ್ಯಾಣ ಮಂಟಪದಲ್ಲಿ ಸಮಾರಂಭ, ಊಟ, ಫಲಾನುಭವಿಗಳಿಗೆ ಸೀರೆ ವಿತರಣೆ. ನಾನು ಹೋಗಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಫೋಟೊ ನೋಡಿದೆ. ಸದಸ್ಯರಿಗೆ ಹಾರ ಹಾಕುತ್ತಿದ್ದವಳು ಆ ಮುದುಕಿ.

ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದೆ. ಅವತ್ತು ಅವಳು ಮನೆಯಲ್ಲಿದ್ದಳು, ಜ್ವರವಂತೆ. ಹೊಸ ಸೀರೆ ಬಟ್ಟೆ ಹಾಕುವ ಗಳದ ಮೇಲಿತ್ತು, ತಿಳಿ ಹಸಿರು ಬಣ್ಣದ್ದು. ಕೂರು ಎನ್ನಲಿಲ್ಲ. ನಾನೇ ಹೊಸ್ತಿಲ ಹತ್ತಿರ ಕೂತೆ. ಬೆಳಗಾವಿಯಲ್ಲಿ ಅವರು ಹೇಗೆ ಕೂತುಬಿಟ್ಟರು ಎಂಬುದನ್ನು ನೀನೇ ಕಣ್ಣಾರೆ ನೋಡಿದ್ದಿ, ಆಮೇಲೂ ಹಾರ ಹಾಕಿದೆಯಲ್ಲ ಎಂದು ಕೇಳಿದೆ. ನನ್ನ ದನಿ ಜೋರಾಗಿತ್ತು, ಪಕ್ಕದ ಮನೆಯವರು ಇಣುಕಿ ನೋಡಿದರು.

ಅವಳು ಕಂಬಳಿ ಹೊದ್ದುಕೊಂಡೇ ಹೇಳಿದಳು, "ನೋಡೀನಿ. ಕುಂತಿದ್ದೂ ನೋಡೀನಿ, ನಿನ್ನ ಬೈದಿದ್ದೂ ನೋಡೀನಿ. ಸೀರಿ ಕೊಟ್ರು, ಉಣ್ಣಾಕ ಹಾಕಿದ್ರು, ಹಾರ ಹಾಕು ಅಂದ್ರು, ಹಾಕೀನಿ. ನಾಳಿ ಮತ್ತ ಪಿಂಚಣಿ ನಿಂದ್ರಿಸಿದ್ರ ಯಾರ ಬಾಗಿಲಿಗೆ ಹೋಗ್ಲಿ? ನಿನ್ನ ಬಾಗಿಲಿಗಾ? ನಿನಗ ಈಗ ಕೆಲಸಾನೇ ಇಲ್ಲಂತಲ್ಲ."

ಹಾಗೆ ಹೇಳಿ ಗೋಡೆಯ ಕಡೆ ಹೊರಳಿದಳು. ಎದ್ದು ಹೋಗಬೇಕು ಎನ್ನಿಸಿತು, ಆದರೆ ಅವಳು ನಡುಗುತ್ತಿದ್ದಳು. ಅಂಗಡಿಗೆ ಹೋಗಿ ಜ್ವರದ ಮಾತ್ರೆ ತಂದು ನೀರಿನ ಚೊಂಬಿನ ಪಕ್ಕ ಇಟ್ಟೆ. ಮಾತ್ರೆ ನುಂಗಿ, ಖಾಲಿ ಚೊಂಬನ್ನು ನನ್ನ ಕಡೆ ಸರಿಸಿದಳು. ತುಂಬಿ ತಂದಿಟ್ಟೆ.