ಹಗಲಲ್ಲಿ ಕೊಂಡ ಪ್ರಾಣಿ

ಬಂದರಿನಿಂದ ಹಾಯಿಹಡಗುಗಳು ಹೆಂಚು ತುಂಬಿಸಿಕೊಂಡು ಆಫ್ರಿಕಾದ ಕರಾವಳಿಗೆ ಹೋಗುತ್ತಿದ್ದ ಕಾಲವದು. ನಾನು ಅಲ್ಲಿನ ಒಂದು ಗೋದಾಮಿನಲ್ಲಿ ಹೆಂಚು ಎಣಿಸುವ ಕೆಲಸಕ್ಕಿದ್ದೆ. ನಮ್ಮದು ತಲೆತಲಾಂತರದಿಂದ ಕಡಲಿಗಿಳಿದು ಮೀನು ಹಿಡಿದ ಮನೆತನ. ನಾನೊಬ್ಬ ಮಾತ್ರ ನಾಲ್ಕಕ್ಷರ ಕಲಿತು, ದೋಣಿಯ ಸಹವಾಸ ಬೇಡವೆಂದು ಗೋದಾಮು ಸೇರಿದ್ದೆ. ಮೈಮೇಲೆ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋಗುತ್ತೇನೆಂಬ ಗರ್ವ ಬೇರೆ. ಆದರೆ ಮನೆ ನಡೆಯುತ್ತಿದ್ದದ್ದು ನನ್ನ ಅಂಗಿಯಿಂದಲ್ಲ, ಅಕ್ಕನ ಮೀನಿನ ಬುಟ್ಟಿಯಿಂದ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಅವಳು ಅಮ್ಮನನ್ನೂ ನನ್ನನ್ನೂ ಸಾಕಿದಳು. ಬೆಳಗ್ಗೆ ದೋಣಿಗಳು ದಡಕ್ಕೆ ಬಂದೊಡನೆ ಮೀನು ಕೊಂಡು, ಬುಟ್ಟಿ ತಲೆಯ ಮೇಲಿಟ್ಟು ಬಿಜೈವರೆಗೆ ನಡೆಯುತ್ತಿದ್ದಳು. ಅಲ್ಲಿ ಹತ್ತಾರು ವಾಡಿಕೆಯ ಮನೆಗಳು ಅವಳವು. ಆ ಮನೆಗಳಲ್ಲಿ ಮಸಾಲೆ ಅರೆದಿಟ್ಟು ಇವಳಿಗಾಗಿ ಕಾಯುತ್ತಿದ್ದರು. ಅವಳು ಬರಿದೇ ಮೀನು ಕೊಟ್ಟು ಬರುವವಳಲ್ಲ. ಹಿತ್ತಲ ಬಾಗಿಲಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು, ಮಾತಾಡುತ್ತಲೇ ಬಂಗುಡೆಯ ಕಿವಿರು ತೆಗೆದು, ಹೊಟ್ಟೆ ಸೀಳಿ, ತೊಳೆದು ಕೊಡುತ್ತಿದ್ದಳು. ಬೇರೆ ಹೆಂಗಸರು ಒಂದು ಮೀನು ಕೊಯ್ಯುವಷ್ಟರಲ್ಲಿ ಅವಳದು ನಾಲ್ಕು ಆಗುತ್ತಿತ್ತು. ಆ ಬಲಗೈಯೇ ನಮ್ಮ ಮನೆಯ ಆಸ್ತಿ. ಬೇರೆ ಆಸ್ತಿ ಎಂದರೆ ಏನೂ ಇರಲಿಲ್ಲ.

ಆ ವರ್ಷ ಮಳೆಗಾಲಕ್ಕೆ ಇನ್ನೇನು ಕೆಲವೇ ದಿನ ಇತ್ತು. ಕೊನೆಯ ಹಡಗಿಗೆ ಹೆಂಚು ತುಂಬಿಸಿ ಆಗಿತ್ತು. ನಡುಮಧ್ಯಾಹ್ನ ಅದರ ಒಬ್ಬ ಖಲಾಸಿ ಹಡಗು ಕಟ್ಟುವ ದಕ್ಕೆಯ ಮೇಲೆ ಒಂದು ತೆಂಗಿನ ಗೆರಟೆ ಹಿಡಿದು ನಿಂತಿದ್ದ. ಗೆರಟೆಯೊಳಗೆ ಬೂದು ಬಣ್ಣದ ಪುಟ್ಟ ಪ್ರಾಣಿಯೊಂದು ತನ್ನ ಬಾಲವನ್ನೇ ಹೊದ್ದು ಮಲಗಿತ್ತು. ಅಳಿಲಿಗಿಂತ ಸ್ವಲ್ಪ ದೊಡ್ಡದು, ತೆಳು ಕಾಗದದಂಥ ಕಿವಿ, ಕೂಸಿನ ಬೆರಳಿನಂಥ ಬೆರಳು. ಖಲಾಸಿ ಮುಟ್ಟಿದಾಗ ಅರೆಗಣ್ಣು ತೆರೆದು ಮತ್ತೆ ಮುಚ್ಚಿತು. ಎಷ್ಟು ದೊಡ್ಡ ಕಣ್ಣು! ನನ್ನ ಬುದ್ಧಿ ಲದ್ದಿ ತಿನ್ನಲು ಹೋಗಿತ್ತೋ ಏನೋ, ಅದು ಏನು ತಿನ್ನುತ್ತದೆ, ಎಷ್ಟು ಬೆಳೆಯುತ್ತದೆ ಎಂದು ಒಂದು ಮಾತು ಕೇಳಲಿಲ್ಲ. ಆ ದಿನ ಕೈಗೆ ಬಂದಿದ್ದ ಸಂಬಳದಲ್ಲಿ ಅಲ್ಲೇ ಕೊಂಡುಬಿಟ್ಟೆ.

ಗೋದಾಮಿನ ಬ್ಯಾರಿ ಸಾಹುಕಾರರು ಪ್ರಾಯದಲ್ಲಿ ಆಫ್ರಿಕಾದ ಕಡೆಗೆಲ್ಲ ಹಡಗಿನಲ್ಲಿ ಹೋಗಿ ಬಂದವರು. ಗೆರಟೆಯೊಳಗೆ ಇಣುಕಿ ಮುಖ ಕಿವುಚಿದರು.

"ಇದು ಹಗಲು ಮಲಗುವ ಜಾತಿ ಮಾರಾಯ. ಸಾಧು ಅಂತ ಎಣಿಸ್ಬೇಡ. ಅಲ್ಲಿಯವರೇ ಇದನ್ನು ಮನೆಯೊಳಗೆ ಇಡುವುದಿಲ್ಲ. ಹಡಗು ಇನ್ನೂ ದಕ್ಕೆಯಲ್ಲಿ ಉಂಟು, ವಾಪಸ್ ಕೊಟ್ಟು ಬಾ."

ನಾನು ಕೊಡಲಿಲ್ಲ. ಪೇಟೆಯ ಒಬ್ಬ ದೊಡ್ಡ ವ್ಯಾಪಾರಿಯ ಜಗಲಿಯಲ್ಲಿ ಪರದೇಶದ ಗಿಳಿಯೊಂದಿತ್ತು. ದಾರಿಹೋಕರು ನಿಂತು ನೋಡುತ್ತಿದ್ದರು. ನನ್ನನ್ನೂ ಜನ ನಿಂತು ನೋಡಬೇಕು, ಅಷ್ಟೇ. ನಿಜ ಹೇಳಬೇಕೆಂದರೆ ಆ ಪ್ರಾಣಿಯ ಮೇಲೆ ನನಗೆ ಯಾವ ಪ್ರೀತಿಯೂ ಇರಲಿಲ್ಲ. ಬಂದರಿನ ಬೀದಿಯಲ್ಲಿ ಗೆರಟೆಯನ್ನು ಎದೆಗವಚಿಕೊಂಡು ನಡೆದೆ, ಜನ ನೋಡಿದರು, ನನ್ನ ಆಸೆ ಅಲ್ಲಿಗೇ ತೀರಿಹೋಗಿತ್ತು.

"ಎಂತದು ಇದು?" ಎಂದಳು ಅಕ್ಕ.

"ಸಾಕ್ಲಿಕ್ಕೆ ತಂದದ್ದು."

"ಸಾಕುವುದು ಯಾರು? ನೀನಾ?"

ಅಂದು ಕತ್ತಲಾದದ್ದೇ ಅದರ ನಿಜರೂಪ ಹೊರಬಿತ್ತು. ನೆಲದಿಂದ ಮಾಡಿನ ಜಂತಿಗೆ ಒಂದೇ ನೆಗೆತ, ಮಾಡಿನಿಂದ ಅಮ್ಮನ ಹೊದಿಕೆಗೆ ಇನ್ನೊಂದು. ಎಳೆಮಗು ಅತ್ತಂತೆ ಅದರ ಕೂಗು. ತನ್ನ ಉಚ್ಚೆಯನ್ನೇ ಅಂಗೈಗೆ ಹುಯ್ದುಕೊಂಡು ಪಾದಕ್ಕೆ ಒರೆಸಿಕೊಳ್ಳುವುದು ಅದರ ಅಭ್ಯಾಸ. ಆ ಪಾದ ಊರಿದಲ್ಲೆಲ್ಲ ನಾತ. ಮೀನಿನ ವಾಸನೆಯಲ್ಲಿ ಹುಟ್ಟಿ ಬೆಳೆದ ನಮಗೇ ಮೂಗು ಮುಚ್ಚಿಕೊಳ್ಳುವಂತಾಯಿತು. ವಾರ ಕಳೆಯುವುದರೊಳಗೆ ನನಗೆ ಸಾಕುಸಾಕಾಯಿತು. ಬಂದರಿಗೆ ಓಡಿದೆ. ಹಡಗು ಹೋಗಿಯಾಗಿತ್ತು. ಇನ್ನು ಮಳೆಗಾಲ ಮುಗಿಯುವವರೆಗೆ ಆ ಕಡೆಯ ಹಡಗು ಬರುವಂತಿಲ್ಲ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ.

ಮಳೆಗಾಲವಿಡೀ ಅದನ್ನು ನೋಡಿಕೊಂಡವಳು ಅಕ್ಕ. ಬಾಳೆಹಣ್ಣು ಕಿವುಚಿ ಕೊಟ್ಟಳು, ಜಿರಲೆ ಹಿಡಿದು ಹಾಕಿದಳು. ಬೈಯುತ್ತಲೇ ಮಾಡಿದಳು. ನಾನು ಗೋದಾಮಿನಿಂದ ಬಂದು ಊಟ ಮಾಡಿ ಕಿವಿಗೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದೆ.

ಮಳೆ ಕಡಿಮೆಯಾಯಿತು. ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸಿದರು. ನಮ್ಮ ಹೆಂಗಸರಲ್ಲಿ ಒಂದು ಕಟ್ಟಳೆಯಿತ್ತು: ಮಳೆಗಾಲ ಕಳೆದ ಮೇಲೆ ಮೊದಲ ಹಸಿಮೀನು ಯಾರ ಬುಟ್ಟಿಯಿಂದ ಇಳಿಯುತ್ತದೋ ಆ ವರ್ಷವೆಲ್ಲ ಆ ಮನೆ ಅವಳದು. ಆ ದಿನ ತಪ್ಪಿಸಿದವಳು ಮನೆ ಕಳೆದುಕೊಂಡಳೆಂದೇ ಲೆಕ್ಕ. ಜ್ವರವಿದ್ದರೂ ಆ ಬೆಳಗ್ಗೆ ಯಾರೂ ಮಲಗುತ್ತಿರಲಿಲ್ಲ.

ಆ ಬೆಳಗ್ಗೆಯೇ ಅಕ್ಕ ಮೂಲೆಯಲ್ಲಿದ್ದ ಬುಟ್ಟಿಗೆ ಕೈ ಹಾಕಿದಳು. ಆ ಪ್ರಾಣಿ ಅದರೊಳಗೆ ಆಗಷ್ಟೇ ನಿದ್ದೆ ಹೋಗಿತ್ತು. ಬೆಚ್ಚಿ ಎದ್ದು ಬಲಗೈ ಹೆಬ್ಬೆರಳಿನ ಬುಡಕ್ಕೆ ಹಲ್ಲು ಊರಿತು. ಕೊಡವಿದರೂ ಬಿಡಲಿಲ್ಲ. ನಾನೇ ಅದರ ಕತ್ತು ಹಿಡಿದು ಬಿಡಿಸಿದೆ. ನೋಡಿದರೆ ಎರಡು ಚುಕ್ಕೆಯಷ್ಟು ಗಾಯ.

ನಮ್ಮ ಮನೆಗಳಲ್ಲಿ ಕೈಗೆ ಮೀನಿನ ಮುಳ್ಳು ಚುಚ್ಚುವುದು ದಿನನಿತ್ಯದ ಮಾತು. ತೇಡೆ ಮೀನಿನ ಮುಳ್ಳು ಚುಚ್ಚಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿ. ಅದಕ್ಕೆ ಮದ್ದೂ ಮನೆಯಲ್ಲೇ ಉಂಟು. ಬೆಂಕಿಯ ಶಾಖ ಹಿಡಿದು, ಸುಣ್ಣ ಹಚ್ಚಿ, ಉಪ್ಪುನೀರಲ್ಲಿ ಕೈ ಅದ್ದಿ ಕೆಲಸಕ್ಕೆ ಹೋಗುವುದು. ಕಡಲಿನ ಉಪ್ಪು ಮುಟ್ಟಿದ ಗಾಯ ಕೊಳೆಯುವುದಿಲ್ಲವೆಂದು ನಾವು ನಂಬಿದವರು. ಅಕ್ಕ ಅದನ್ನೇ ಮಾಡಿದಳು. ಬುಟ್ಟಿ ಎತ್ತಿಕೊಂಡು ಹೊರಟಳು. "ಆಸ್ಪತ್ರೆಗೆ ಹೋಗುವ" ಎಂದು ನಾನು ಒಂದು ಮಾತು ಹೇಳಬಹುದಿತ್ತು. ಅಂಗಿ ಹಾಕಿದವನು, ಓದು ಬಲ್ಲವನು ನಾನೊಬ್ಬನೇ ತಾನೆ? ಹೇಳಲಿಲ್ಲ. ಹೇಳಿದರೆ ಪ್ರಾಣಿಯನ್ನು ತಂದ ತಪ್ಪು ನನ್ನ ತಲೆಗೇ ಬರುತ್ತಿತ್ತು.

ಅಂದು ಎಲ್ಲ ಮನೆಗಳಲ್ಲೂ ಮೀನು ಕೊಯ್ದು ಬಂದಳು. ಮೂರನೆಯ ದಿನ ಕೈ ಊದಿತು. ಮತ್ತೆ ಶಾಖ, ಮತ್ತೆ ಸುಣ್ಣ. ಐದನೆಯ ದಿನ ಮೊಣಕೈ ದಾಟಿ ಕೆಂಪು ಗೆರೆಯೊಂದು ಮೇಲೇರಿತ್ತು, ಜ್ವರದಲ್ಲಿ ಅವಳು ಸತ್ತ ಗಂಡನ ಜೊತೆ ಮಾತಾಡುತ್ತಿದ್ದಳು. ಆಗ ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದೆವು.

ಡಾಕ್ಟರರು ಹೆಬ್ಬೆರಳನ್ನೂ ಪಕ್ಕದ ಎರಡು ಬೆರಳುಗಳನ್ನೂ ಕತ್ತರಿಸಿದರು. "ಕೈ ಉಳಿದದ್ದೇ ದೊಡ್ಡದು" ಎಂದರು. ಉಳಿದದ್ದು ಕೈಯೇ? ಮೀನು ಹಿಡಿಯಲಾಗದ, ಬುಟ್ಟಿ ಎತ್ತಲಾಗದ ಕೈ ಮೀನಿನವಳಿಗೆ ಯಾತಕ್ಕೆ?

ಮಾರನೆಯ ದಿನ ನಾನು ಆ ಪ್ರಾಣಿಯನ್ನು ಚೀಲದಲ್ಲಿ ಹಾಕಿಕೊಂಡು ಕದ್ರಿ ಗುಡ್ಡದಲ್ಲಿ ಬಿಟ್ಟೆ. ಬಿಸಿಲು ಕಣ್ಣಿಗೆ ಹೊಡೆದು ಅದು ಕೊಂಬೆಯನ್ನು ಅಪ್ಪಿ ಹಿಡಿದು ಕುಳಿತಿತು. ಕಾಗೆಗಳು ಸೇರತೊಡಗಿದವು. ನಾನು ತಿರುಗಿ ನೋಡದೆ ಇಳಿದೆ. ತನ್ನನ್ನು ಕಾಡಿನಿಂದ ಕರೆದುಕೊಂಡು ಹೋಗು ಎಂದು ಅದೇನೂ ನನ್ನನ್ನು ಬೇಡಿಕೊಂಡಿರಲಿಲ್ಲ.

ಬಿಜೈಯ ಮನೆಗಳು ಒಂದೊಂದಾಗಿ ಬೇರೆಯವರ ಪಾಲಾದವು. ಅಕ್ಕ ಮರಳಿನ ಮೇಲೆ ಒಣಮೀನು ಮಗುಚುವ ಕೂಲಿಗೆ ಹೋದಳು, ಎಡಗೈಯಲ್ಲಿ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಸುಳ್ಳು. ಮಾಡಿದವನು ನಾನು, ಉಂಡವಳು ಅವಳು.

ಕೈಗೆ ಏನಾಯಿತೆಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ: "ತೇಡೆ ಮುಳ್ಳು ತಾಗಿದ್ದು." ಜ್ವರ ಇಳಿದ ಮೇಲೆ ಆಸ್ಪತ್ರೆಯಲ್ಲಿ ಡಾಕ್ಟರರಿಗೂ ಅದನ್ನೇ ಹೇಳಿದ್ದಳು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ, ಒಮ್ಮೆಯೂ ಅಲ್ಲವೆನ್ನಲಿಲ್ಲ. ತಮ್ಮನ ಮಾನ ಕಾಯುತ್ತಿದ್ದಾಳೆ ಎಂದುಕೊಂಡು ಒಳಗೊಳಗೇ ಕರಗುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ಒಂದು ದಿನ ಧೈರ್ಯ ಮಾಡಿ, ನನಗೋಸ್ಕರ ಇಷ್ಟು ಸುಳ್ಳು ಹೇಳಿದೆಯಲ್ಲ ಅಕ್ಕ ಎಂದೆ.

ಅವಳು ಒಣಮೀನು ಮಗುಚುವುದನ್ನು ನಿಲ್ಲಿಸಲಿಲ್ಲ.

"ನಿನಗೋಸ್ಕರ ಅಂತ ಯಾರು ಹೇಳಿದ್ದು? ಮೀನಿನವಳ ಕೈ ಮೀನಿನಿಂದ ಹೋದ್ರೆ ಅದಕ್ಕೊಂದು ಮರ್ಯಾದೆ ಉಂಟು. ನೀನು ತಂದ ಆಟದ ಸಾಮಾನಿನಿಂದ ಹೋಯ್ತು ಅಂತ ಹೇಳ್ಲಿಕ್ಕೆ ನನಗೆ ನಾಚಿಕೆ ಆಗ್ತದೆ."