ಡಾನ್‌ಕಾಸ್ಟರಿನ ಟೈಪು ವೀರ

ಇಂಗ್ಲೆಂಡಿನ ಡಾನ್‌ಕಾಸ್ಟರ್ ಊರಿನ ಡೆಸ್ಮಂಡ್ ಹಾರ್ಗ್ರೀವ್ ರೈಲ್ವೆ ಕಾರ್ಖಾನೆಯಿಂದ ನಿವೃತ್ತನಾದ ವರ್ಷ ಮನೆಗೊಂದು ಪುಟ್ಟ ಕಂಪ್ಯೂಟರ್ ತಂದ. ಅಂದಿನಿಂದ ಮನೆಯ ಟಿವಿ ಪರದೆಯಾಗಿ ಅದರ ಪಾಲಾಯಿತು, ಭಾನುವಾರಗಳೆಲ್ಲ ಕಂಪ್ಯೂಟರ್ ಪತ್ರಿಕೆಯ ಪಾಲಾದವು. ಊಟದ ತಟ್ಟೆ ಎತ್ತುವುದೇ ತಡ, ಪತ್ರಿಕೆಯಲ್ಲಿ ಅಚ್ಚಾದ ಆಟದ ಪ್ರೋಗ್ರಾಮನ್ನು ಹೆಂಡತಿ ಈನಿಡ್ ಸಾಲು ಸಾಲಾಗಿ ಓದಬೇಕು, ಇವನು ಕೋಳಿ ಕಾಳು ಕುಕ್ಕಿದ ಹಾಗೆ ಎರಡೇ ಬೆರಳಲ್ಲಿ ಟೈಪು ಮಾಡಬೇಕು. ಸಂಜೆಯವರೆಗೆ ಕುಕ್ಕಿದ ಮೇಲೂ ಪರದೆಯಲ್ಲಿ ಆಟದ ಬದಲು ‘ತಪ್ಪು’ ಎಂದು ಮೂಡಿದರೆ ಅದು ಅವನ ಬೆರಳಿನದಂತೂ ಅಲ್ಲವೇ ಅಲ್ಲ. “ನೀನೇ ಓದೋವಾಗ ಅಲ್ಪವಿರಾಮ ನುಂಗಿಬಿಟ್ಟೆ ಕಣೇ!” “ನಾನು ನುಂಗಿರೋದು ನಿನ್ನ ಬೈಗುಳ ಮಾತ್ರ.” ಆಮೇಲೆ ಸಂಪಾದಕರ ಸರದಿ, ಅಚ್ಚಿನ ತಪ್ಪಿಗೆ ಗಲ್ಲುಶಿಕ್ಷೆ ಆಗಬೇಕೆಂಬುದು ಅವನ ವಾದ. ಹೀಗೆ ತಿಂಗಳುಗಟ್ಟಲೆ ಕುಕ್ಕಿದರೂ ಒಂದು ಆಟವೂ ಓಡಿರಲಿಲ್ಲ. ಕಳೆದ ಭಾನುವಾರ ಮಾತ್ರ ಒಂದು ಓಡಿಯೇಬಿಟ್ಟಿತು: ಹಸಿರು ಕಪ್ಪೆಯೊಂದು ಪರದೆಯ ಮೇಲೆ ಕುಪ್ಪಳಿಸಿತು. ಈನಿಡ್ ಚಪ್ಪಾಳೆ ತಟ್ಟಿ, ಪತ್ರಿಕೆ ಮಡಿಸಿಟ್ಟು ಏಳಲು ಹೊರಟಳು. ಡೆಸ್ಮಂಡ್ ಕಪ್ಪೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಕೈ ಚಾಚಿ ಸ್ವಿಚ್ಚು ಆರಿಸಿಬಿಟ್ಟ. “ಅಯ್ಯೋ ಮಾರಾಯ, ಕ್ಯಾಸೆಟ್ಟಿಗೆ ತುಂಬಿಸ್ಕೊಳ್ಳಲೇ ಇಲ್ವಲ್ಲ! ಎಲ್ಲಾ ಅಳಿಸಿಹೋಯ್ತು!” “ಹೋಗ್ಲಿ ಬಿಡು,” ಎಂದು ಅವನು ಕೀಲಿಮಣೆಯನ್ನೇ ನೋಡುತ್ತ ಗೊಣಗಿದ. “ಅದು ಓಡ್ತಾ ಇದ್ರೆ ನೀನು ಎದ್ದು ಅಡುಗೆಮನೆಗೆ ಹೋಗ್ತೀಯ.” ಜಗಳಕ್ಕೆಂದು ಬಾಯಿ ತೆರೆದಿದ್ದ ಈನಿಡ್ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. ಪತ್ರಿಕೆ ಬಿಡಿಸಿ, ಅದರಲ್ಲಿದ್ದ ಅತಿ ಉದ್ದದ ಪ್ರೋಗ್ರಾಮನ್ನು ಹುಡುಕಿ ಓದತೊಡಗಿದಳು.