ಹಿತ್ತಿಲ ಬಾಗಿಲ ಅಪೀಲು
ಪಿರಿಯಾಪಟ್ಟಣದ ಕಡೆ ಊರಿಗೊಬ್ಬ ನ್ಯಾಯ ಹೇಳುವ ಯಜಮಾನ ಇದ್ದೇ ಇರುತ್ತಾನೆ, ನಮ್ಮೂರಿಗೆ ಷಣ್ಮುಖಪ್ಪನವರು. ದಿಲ್ಲಿಯಲ್ಲಿ ಸುಪ್ರೀಂ ಕೋರ್ಟು ಆಗಿದೆ, ಅದರ ಮೇಲೆ ಅಪೀಲೇ ಇಲ್ಲ ಎಂದು ಯಾರೋ ಪೇಪರು ಓದಿ ಹೇಳಿದಾಗಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. "ಅಷ್ಟೊಂದು ಅಧಿಕಾರ ಯಾವ ನರಮನುಷ್ಯಂಗೂ ಕೊಡಬಾರ್ದು ಕಣ್ರೀ!" ಎಂದು ಮಠದ ಜಗಲಿಯಲ್ಲಿ ಗುಡುಗುತ್ತಿದ್ದರು. ಗುಡುಗಿ, ಎಲೆಗೆ ಸುಣ್ಣ ಸವರಿಕೊಂಡು, ಯಾರದೋ ಬದುವಿನ ಜಗಳಕ್ಕೆ ತೀರ್ಪು ಕೊಟ್ಟು, "ಮುಗೀತು ಬುಡು, ಇನ್ನು ಆ ಶಿವನೇ ಬಂದ್ರೂ ಬದಲಾಗಕಿಲ್ಲ" ಎನ್ನುತ್ತಿದ್ದರು. ಸೋತವನು ಎದ್ದು ನೆಟ್ಟಗೆ ಅವರ ಮನೆಯ ಹಿತ್ತಿಲಿಗೆ ನಡೆಯುತ್ತಿದ್ದ. ಅಲ್ಲಿ ಅವರ ಹೆಂಡತಿ ಗುರುಶಾಂತಮ್ಮ ಅವರೆಕಾಯಿ ಸುಲಿಯುತ್ತಲೇ ಅವನ ಗೋಳು ಕೇಳುತ್ತಿದ್ದರು. ಬೆಳಗಾದರೆ ಯಜಮಾನರು ಗಂಟಲು ಸರಿಮಾಡಿಕೊಂಡು, "ನಾನೇ ಇನ್ನೊಂದ್ಸಲ ಯೋಚ್ನೆ ಮಾಡ್ದೆ" ಎಂದು ತೀರ್ಪನ್ನೇ ತಿರುಗಿಸಿಬಿಡುತ್ತಿದ್ದರು. ಊರಿಗೆಲ್ಲ ಗುಟ್ಟು ಗೊತ್ತು. ಅವರ ಎದುರು ಮಾತ್ರ ಯಾರೂ ನಗುತ್ತಿರಲಿಲ್ಲ. ಹೋದ ಸುಗ್ಗಿಯಲ್ಲಿ ಗುರುಶಾಂತಮ್ಮ ತೀರಿಕೊಂಡರು. ಯಜಮಾನರು ಈಗಲೂ ಜಗಲಿಗೆ ಬರುತ್ತಾರೆ, ದಿಲ್ಲಿಯನ್ನು ಬಯ್ಯುತ್ತಾರೆ, ಎರಡೂ ಕಡೆಯವರ ಮಾತನ್ನು ಪೂರ್ತಿ ಕೇಳುತ್ತಾರೆ. ತೀರ್ಪು ಮಾತ್ರ ಕೊಡುವುದಿಲ್ಲ. "ಹುಣಸೂರು ಕೋರ್ಟಿಗೆ ಓಗ್ರಪ್ಪಾ" ಎನ್ನುತ್ತಾರೆ, "ಅಲ್ಲಾದ್ರೆ, ತಪ್ಪಿದ್ರೆ ತಿದ್ದಕ್ಕೆ ಮೇಲೊಬ್ರು ಅವ್ರೆ."